ಹುಳು ಕುರಿಯ ಹೊಟ್ಟೆಯಲ್ಲಿ ಮಾತ್ರವಲ್ಲ, ನಮ್ಮ ನೆಲದಲ್ಲೂ ಇದೆ



ಎರಡು ವರ್ಷದ ಹಿಂದೆ, ಮಳೆಗಾಲದ ಒಂದು ದಿನ, ನನ್ನ ವೃತ್ತದ ಹಳ್ಳಿಯೊಂದರಲ್ಲಿ ಹಿರಿಯ ಕುರಿಗಾರರೊಬ್ಬರು ನನ್ನ ಬೈಸಿಕಲ್ಲನ್ನು ತಡೆದು ನಿಲ್ಲಿಸಿದರು. “ಅಲ್ಲಪ್ಪಾ, ನೀನು ಹೇಳ್ದೆ ಅಂತ 40 ಕುರಿಗೂ ಜಂತಿನ ಔಷಧಿ ಕುಡಿಸ್ದೆ. ಚೇತರಿಸ್ಕೊಂಡ್ವು, ಇಲ್ಲ ಅನ್ನಲ್ಲ. ಎರಡು ತಿಂಗಳು ಕಳೀಲಿಲ್ಲ, ಮತ್ತೆ ಗದ್ದ ಊದ್ಕೊಂಡು ನಾಲ್ಕು ಮರಿ ಹೋದ್ವು. ಔಷಧಿ ಸುಳ್ಳೋ, ನಿನ್ನ ಮಾತು ಸುಳ್ಳೋ?” ಎಂದು ಕೇಳಿದರು.

ಆಗ ನನ್ನಲ್ಲಿ ಸರಿಯಾದ ಉತ್ತರ ಇರಲಿಲ್ಲ. ಅವರ ರೊಪ್ಪಕ್ಕೆ ಹೋಗಿ ನೋಡಿದೆ. ನೆಲ ಒದ್ದೆಯಾಗಿ ಹಿಕ್ಕೆಯಿಂದ ತುಂಬಿತ್ತು. ಕುರಿಗಳನ್ನು ಬೆಳಗಿನ ಜಾವವೇ, ಇಬ್ಬನಿ ಆರುವ ಮುಂಚೆ, ಕೆರೆಯ ಅಂಚಿನ ಎಳೆ ಹುಲ್ಲಿಗೆ ಬಿಡುತ್ತಿದ್ದರು. ಔಷಧಿಯನ್ನು ಮರಿಗೂ ಟಗರಿಗೂ ಒಂದೇ ಅಳತೆಯಲ್ಲಿ ಕುಡಿಸಿದ್ದರು. ಆ ಒಂದೇ ಅಳತೆಯನ್ನು ಹೇಳಿಕೊಟ್ಟವನು ನಾನೇ. ಆ ತಪ್ಪು ನನ್ನದು. ನಾಲ್ಕು ಮರಿಗಳ ನಷ್ಟದಲ್ಲಿ ನನ್ನ ಪಾಲೂ ಇದೆ ಎಂದು ಅಂದಿನಿಂದ ತಿಳಿದಿದ್ದೇನೆ. ಆ ಹಿರಿಯರ ಪ್ರಶ್ನೆಗೆ ಸರಿಯಾದ ಉತ್ತರವನ್ನು ಎಲ್ಲರಿಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ಉತ್ತರ ಚಿಕ್ಕದು. ದನಕುರಿಗಳನ್ನು ಕಾಡುವ ಹುಳು ಉಣ್ಣಿಗಳ ಬದುಕಿನಲ್ಲಿ ಅರ್ಧ ಭಾಗ ಪ್ರಾಣಿಯ ಮೈಯಲ್ಲಿ ಕಳೆಯುತ್ತದೆ. ಉಳಿದರ್ಧ ನಮ್ಮ ರೊಪ್ಪ, ಕೊಟ್ಟಿಗೆ, ಗೋಮಾಳ, ಕೆರೆ ಅಂಗಳಗಳಲ್ಲಿ ಕಳೆಯುತ್ತದೆ. ಔಷಧಿ ಮೊದಲ ಅರ್ಧವನ್ನು ಮಾತ್ರ ಮುಟ್ಟುತ್ತದೆ. ನೆಲದಲ್ಲಿರುವ ಅರ್ಧವನ್ನು ತಡೆಯುವ ಕೆಲಸ ನಮ್ಮ ಕೈಯಲ್ಲಿದೆ.

ರಕ್ತ ಹೀರುವ ಜಂತುಹುಳು

ಕುರಿ ಮೇಕೆಗಳಿಗೆ ಅತಿ ಹೆಚ್ಚು ಹಾನಿ ಮಾಡುವುದು ನಾಲ್ಕನೆಯ ಹೊಟ್ಟೆಯಲ್ಲಿ ಕಚ್ಚಿಕೊಂಡಿರುವ ಜಂತುಹುಳು. ಎರಡು ಮೂರು ಸೆಂಟಿಮೀಟರು ಉದ್ದವಿದ್ದು, ಕೆಂಪು ಬಿಳಿ ಎಳೆಗಳನ್ನು ಹೊಸೆದ ದಾರದಂತೆ ಕಾಣುತ್ತದೆ. ಸತ್ತ ಕುರಿಯ ನಾಲ್ಕನೆಯ ಹೊಟ್ಟೆಯನ್ನು ಕೂಡಲೇ ಸೀಳಿ ನೋಡಿದರೆ ಬರಿಗಣ್ಣಿಗೇ ಕಾಣುತ್ತದೆ.

ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರು ರಕ್ತವನ್ನು ಕಳೆಯುತ್ತದೆ. ಇದೇನು ಮಹಾ ಎನ್ನಬೇಡಿ. ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿಲಿಲೀಟರು ಆಯಿತು. 25 ಕಿಲೋ ತೂಗುವ ಕುರಿಯ ಮೈಯಲ್ಲಿ ಇರುವುದು ಸುಮಾರು ಒಂದೂವರೆ ಲೀಟರು ರಕ್ತ. ಅಂದರೆ ಒಂದು ತಿಂಗಳಲ್ಲಿ ತನ್ನ ಮೈಯಲ್ಲಿರುವಷ್ಟು ರಕ್ತವನ್ನು ಆ ಕುರಿ ಹುಳುಗಳಿಗೆ ಕೊಟ್ಟಿರುತ್ತದೆ. ನೀವು ಹಾಕಿದ ಮೇವು ಮಾಂಸವಾಗುವ ಬದಲು ರಕ್ತವಾಗಿ ಹರಿದುಹೋಗುತ್ತದೆ. ರಕ್ತ ತೆಳುವಾದಾಗ ಗದ್ದದ ಕೆಳಗೆ ನೀರು ತುಂಬಿಕೊಂಡು ಊದುತ್ತದೆ. ಕುರಿ ಮಂದೆಯ ಹಿಂದೆ ಬೀಳುತ್ತದೆ, ಉಣ್ಣೆ ಉದುರುತ್ತದೆ, ಒಂದು ದಿನ ಏಳುವುದೇ ಇಲ್ಲ. ಈ ಹುಳುವಿನಿಂದ ಭೇದಿ ಆಗಲೇಬೇಕೆಂದಿಲ್ಲ. ಆದ್ದರಿಂದ “ಹಿಕ್ಕೆ ಗಟ್ಟಿಯಾಗಿದೆ, ಹುಳು ಇಲ್ಲ” ಎಂದು ನಂಬಿ ಮೋಸಹೋಗಬಾರದು.

ಇನ್ನು ಇದರ ಸಂತಾನವನ್ನು ನೋಡಿ. ಹೆಣ್ಣು ಹುಳು ದಿನಕ್ಕೆ 5,000ಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಮೊಟ್ಟೆಗಳು ಹಿಕ್ಕೆಯೊಡನೆ ನೆಲಕ್ಕೆ ಬೀಳುತ್ತವೆ. ತೇವವೂ ಸೆಕೆಯೂ ಇದ್ದರೆ ಸುಮಾರು ಒಂದು ವಾರದಲ್ಲಿ ಕಣ್ಣಿಗೆ ಕಾಣದ ಮರಿಹುಳುಗಳಾಗಿ, ಇಬ್ಬನಿಯ ನೀರನ್ನು ಹಿಡಿದು ಹುಲ್ಲಿನ ಗರಿಯನ್ನು ಏರುತ್ತವೆ. ಬಹುಪಾಲು ಮರಿಹುಳುಗಳು ನೆಲದಿಂದ ನಾಲ್ಕು ಬೆರಳಿನ ಎತ್ತರದೊಳಗೇ ಇರುತ್ತವೆ. ಕುರಿ ಆ ಹುಲ್ಲನ್ನು ಮೇಯ್ದರೆ, ಮೂರು ವಾರಕ್ಕೆ ಅವು ಬೆಳೆದು ತಾವೇ ಮೊಟ್ಟೆ ಇಡುತ್ತವೆ. ಹೀಗೆ ಒಂದು ಸುತ್ತಿಗೆ ಬೇಕಾದದ್ದು ಒಂದೇ ತಿಂಗಳು. ಆ ಹಿರಿಯರ ಕುರಿಗಳು ಔಷಧಿ ಕುಡಿದ ಮರುದಿನವೇ ಅದೇ ಕೆರೆ ಅಂಚಿನಲ್ಲಿ ಮೇಯ್ದವು. ಎರಡು ತಿಂಗಳಲ್ಲಿ ಹುಳುಗಳ ಎರಡು ತಲೆಮಾರು ಮುಗಿದಿತ್ತು.

ನೆಲದಲ್ಲಿ ಮಾಡಬೇಕಾದ ಕೆಲಸ

ಈ ಸುತ್ತನ್ನು ಮುರಿಯಲು ಹೆಚ್ಚಿನ ಹಣ ಬೇಕಾಗಿಲ್ಲ. ಕೆಳಗಿನ ಕ್ರಮಗಳನ್ನು ಅನುಸರಿಸಿ.

1. ಮಳೆಗಾಲದಲ್ಲಿ ಬಿಸಿಲು ಏರಿ ಇಬ್ಬನಿ ಆರಿದ ಮೇಲೆಯೇ ಕುರಿಗಳನ್ನು ಮೇಯಲು ಬಿಡಿ.

2. ಹುಲ್ಲನ್ನು ಬುಡದವರೆಗೂ ಮೇಯಿಸಬೇಡಿ. ನಾಲ್ಕು ಬೆರಳು ಹುಲ್ಲು ಉಳಿದಿರುವಾಗಲೇ ಮಂದೆಯನ್ನು ಬೇರೆ ಕಡೆಗೆ ಹೊಡೆಯಿರಿ.

3. ಮರಿಗಳಿಗೂ, ಈದ ಕುರಿಗಳಿಗೂ ಅತಿ ಶುಚಿಯಾದ ಜಾಗ ಕೊಡಿ. ಕೊಯ್ಲಾದ ಹೊಲದಲ್ಲಿ ತಿಂಗಳುಗಟ್ಟಲೆ ಕುರಿ ಕಾಲಿಟ್ಟಿರುವುದಿಲ್ಲವಾದ್ದರಿಂದ ಆ ಕೂಳೆಯ ಹೊಲವೇ ಒಳ್ಳೆಯ ಜಾಗ. ವರ್ಷವೆಲ್ಲ ಊರ ಕುರಿ ಮೇಯ್ದ ಗೋಮಾಳ ಮರಿಗಳಿಗೆ ತಕ್ಕದ್ದಲ್ಲ.

4. ಕುರಿ ಮೇಯ್ದ ಜಾಗದಲ್ಲಿ ಮುಂದಿನ ಸರದಿ ದೊಡ್ಡ ದನಗಳನ್ನು ಮೇಯಿಸಿ. ಕುರಿಯ ಈ ಹುಳು ಬೆಳೆದ ದನದ ಹೊಟ್ಟೆಯಲ್ಲಿ ಚೆನ್ನಾಗಿ ಬೆಳೆಯುವುದಿಲ್ಲ. ಮೇಕೆಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಕುರಿಯ ಹುಳುವೇ ಮೇಕೆಯ ಹುಳು.

5. ರೊಪ್ಪದ ನೆಲ ಎತ್ತರವಾಗಿಯೂ ಒಣಗಿಯೂ ಇರಲಿ. ಹಿಕ್ಕೆಯನ್ನು ದಿನವೂ ಗುಡಿಸಿ ತಿಪ್ಪೆಗುಂಡಿಗೆ ತುಂಬಿ, ಮೇಲೆ ಮಣ್ಣು ಮುಚ್ಚಿ. ಗೊಬ್ಬರ ಕಳಿಯುವಾಗ ಹುಟ್ಟುವ ಕಾವಿಗೆ ಮೊಟ್ಟೆ, ಮರಿಹುಳು ಎರಡೂ ಸಾಯುತ್ತವೆ, ಗೊಬ್ಬರವೂ ಒಳ್ಳೆಯದಾಗುತ್ತದೆ. ಹಸಿ ಸಗಣಿಯನ್ನು ಮೇವಿನ ಹುಲ್ಲಿನ ಮೇಲೆ ಎರಚಬೇಡಿ.

6. ಮೇವನ್ನು ನೆಲದ ಮೇಲೆ ಹಾಕದೆ ಗೋದಲಿಯಲ್ಲಿ ಹಾಕಿ. ನೀರಿನ ಬಾನಿಯ ಸುತ್ತ ಕೆಸರು ನಿಲ್ಲದಂತೆ ಕಲ್ಲು ಹಾಸಿ.

ಕೆರೆ ಅಂಗಳದ ಹಸಿರು

ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ ಅಂಗಳದಲ್ಲಿ ಮಾತ್ರ ಹಸಿರು ಕಾಣುತ್ತದೆ. ಹಸಿದ ದನ ಅಲ್ಲಿಗೇ ಓಡುತ್ತದೆ, ನಮಗೂ ಬೇರೆ ದಾರಿ ಇರುವುದಿಲ್ಲ. ಆದರೆ ಆ ಹುಲ್ಲಿನಲ್ಲಿ ಈಲಿಯನ್ನು ತಿನ್ನುವ ಚಪ್ಪಟೆ ಹುಳು ಕಾದಿರುತ್ತದೆ. ಎಲೆಯ ಆಕಾರದ ಈ ಹುಳು ದನ, ಎಮ್ಮೆ, ಕುರಿಗಳ ಈಲಿಯಲ್ಲಿ ವಾಸಿಸುತ್ತದೆ. ಇದರ ಮೊಟ್ಟೆ ಸಗಣಿಯೊಡನೆ ನೀರಿಗೆ ಬಿದ್ದು ಒಡೆಯುತ್ತದೆ. ಹೊರಬಂದ ಮರಿ ನೀರಿನ ಬಸವನಹುಳುವಿನ ಮೈಯನ್ನು ಹೊಕ್ಕು, ಅಲ್ಲಿ ಒಂದು ನೂರಾಗಿ ಹೆಚ್ಚಿ, ಮತ್ತೆ ಹೊರಬಂದು ನೀರಂಚಿನ ಹುಲ್ಲಿಗೆ ಅಂಟಿಕೊಂಡು ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ಆ ಹುಲ್ಲನ್ನು ಮೇಯ್ದ ದನಕ್ಕೆ ರೋಗ ಕೂಡಲೇ ಕಾಣುವುದಿಲ್ಲ. ತಿಂಗಳುಗಳು ಕಳೆದ ಮೇಲೆ ದನ ಬಡವಾಗುತ್ತದೆ, ಹಾಲು ಇಳಿಯುತ್ತದೆ, ಗದ್ದ ಊದುತ್ತದೆ. ಬೇಸಿಗೆಯಲ್ಲಿ ತಿಂದ ಹುಲ್ಲಿನ ಫಲ ಮಳೆಗಾಲದಲ್ಲಿ ಕಾಣುವುದರಿಂದ ನಾವು ಕಾರಣವನ್ನು ಬೇರೆಲ್ಲೋ ಹುಡುಕುತ್ತೇವೆ.

ಸಾಧ್ಯವಾದಷ್ಟು ದಿನ ದನಗಳನ್ನು ನೀರಂಚಿನಿಂದ ದೂರವಿಡಿ. ಕೆರೆಯೊಳಗೆ ಇಳಿಸದೆ ಬಾನಿಯಲ್ಲಿ ನೀರು ಕುಡಿಸಿ. ಅಂಗಳದ ಹುಲ್ಲು ಬೇಕೇಬೇಕಾದರೆ ನೀರಿನ ಮಟ್ಟಕ್ಕಿಂತ ಮೇಲೆ ಕೊಯ್ದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಬಣವೆ ಹಾಕಿ, ಕೆಲವು ತಿಂಗಳು ಕಳೆದ ಮೇಲೆ ಹಾಕಿ. ಬಾತುಕೋಳಿಗಳು ಬಸವನಹುಳುವನ್ನು ತಿನ್ನುತ್ತವೆ. ಸಾಕಲು ಅನುಕೂಲವಿರುವವರು ಸಾಕಬಹುದು. ಬಸವನಹುಳು ಸಾಯಲೆಂದು ಕೆರೆಗೆ ಮೈಲುತುತ್ತ ಸುರಿಯಬೇಡಿ, ಮೀನೂ ಸಾಯುತ್ತವೆ.

ಒಂದು ಮಾತನ್ನು ನೆನಪಿಡಿ. ಜಂತುಹುಳುವಿನ ಎಲ್ಲ ಔಷಧಿಯೂ ಚಪ್ಪಟೆ ಹುಳುವನ್ನು ಕೊಲ್ಲುವುದಿಲ್ಲ. ಕೆಲವು ಔಷಧಿ ಬೆಳೆದ ಹುಳುವನ್ನು ಮಾತ್ರ ಕೊಲ್ಲುತ್ತವೆ, ಎಳೆಯದನ್ನು ಬಿಡುತ್ತವೆ. ಆದ್ದರಿಂದ “ನಮ್ಮ ದನ ಕೆರೆ ಅಂಗಳದಲ್ಲಿ ಮೇಯ್ದಿದೆ” ಎಂದು ಪಶುವೈದ್ಯರಿಗೆ ತಪ್ಪದೆ ತಿಳಿಸಿ.

ಔಷಧಿ ಕುಡಿಸುವ ರೀತಿ

ಮೊದಲು ಸಗಣಿ ಪರೀಕ್ಷೆ ಮಾಡಿಸಿ. ಆಗತಾನೆ ಹಾಕಿದ ಸಗಣಿ ಅಥವಾ ಹಿಕ್ಕೆಯನ್ನು ನಿಂಬೆಹಣ್ಣಿನಷ್ಟು ತೆಗೆದುಕೊಂಡು, ಶುಭ್ರವಾದ ಡಬ್ಬಿಯಲ್ಲಿ ಹಾಕಿ, ಅಂದೇ ಪಶು ಆಸ್ಪತ್ರೆಗೆ ತಲುಪಿಸಿ. ಯಾವ ಹುಳು ಎಂದು ತಿಳಿದ ಮೇಲೆ ಯಾವ ಔಷಧಿ ಎಂಬುದು ತಾನಾಗಿ ತಿಳಿಯುತ್ತದೆ.

ಎರಡನೆಯದು ತೂಕ. ಇಲ್ಲಿಯೇ ನಾನು ಎಡವಿದ್ದು. ಕಣ್ಣಳತೆಯಲ್ಲಿ ತೂಕ ಹೇಳುವುದನ್ನು ಬಿಡಿ. ಕುರಿಯನ್ನು ಗೋಣಿ ಕಟ್ಟಿ ತಕ್ಕಡಿಗೆ ತೂಗುಹಾಕಿ. ಹಸುವಿಗೆ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ತುದಿಯಿಂದ ಬಾಲದ ಬುಡದ ಪಕ್ಕದ ಮೂಳೆಯವರೆಗೆ ಉದ್ದವನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಸುಮಾರು ತೂಕ ಕಿಲೋದಲ್ಲಿ ಬರುತ್ತದೆ. ಸುತ್ತಳತೆ 60 ಇಂಚು, ಉದ್ದ 50 ಇಂಚು ಇದ್ದರೆ ತೂಕ ಸುಮಾರು 273 ಕಿಲೋ. ಲೆಕ್ಕ ಬಾರದಿದ್ದರೆ ಶಾಲೆಗೆ ಹೋಗುವ ಮಗಳನ್ನು ಕೇಳಿ, ಮಾಡಿಕೊಡುತ್ತಾಳೆ.

ವೈದ್ಯರು ಕಿಲೋಗೆ 5 ಮಿಲಿಗ್ರಾಂ ಎಂದು ಹೇಳಿದ್ದರೆ, 25 ಕಿಲೋ ಕುರಿಗೆ 125 ಮಿಲಿಗ್ರಾಂ ಬೇಕು. ಸೀಸೆಯ ಮೇಲೆ ಮಿಲಿಲೀಟರಿಗೆ 25 ಮಿಲಿಗ್ರಾಂ ಎಂದಿದ್ದರೆ 5 ಮಿಲಿಲೀಟರು ಕುಡಿಸಬೇಕು. 40 ಕಿಲೋ ಟಗರಿಗೆ ಅದೇ 5 ಮಿಲಿಲೀಟರು ಕುಡಿಸಿದರೆ ಬೇಕಾದದ್ದಕ್ಕಿಂತ 3 ಮಿಲಿಲೀಟರು ಕಡಿಮೆಯಾಯಿತು. ಮೆತ್ತನೆಯ ಹುಳುಗಳು ಸಾಯುತ್ತವೆ, ಗಟ್ಟಿ ಹುಳುಗಳು ಉಳಿಯುತ್ತವೆ. ಮೇಕೆಗೆ ಅಳತೆಯೇ ಬೇರೆ. ಕುರಿಯ ಅಳತೆಯನ್ನು ಮೇಕೆಗೆ ಹಾಕದೆ ವೈದ್ಯರನ್ನು ಕೇಳಿ.

ಮೂರನೆಯದು ಕುಡಿಸುವ ಕ್ರಮ. ಗೊಟ್ಟದಲ್ಲಾಗಲಿ ಸಿರಿಂಜಿನಲ್ಲಾಗಲಿ ಕುಡಿಸುವಾಗ ತಲೆಯನ್ನು ಆಕಾಶಕ್ಕೆ ಎತ್ತಬೇಡಿ. ಮೂಗು ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗದಿರಲಿ. ಬಾಯಿಯ ಪಕ್ಕದಿಂದ ನಾಲಿಗೆಯ ಮೇಲೆ ನಿಧಾನವಾಗಿ ಬಿಡಿ. ಕೆಮ್ಮಿದರೆ ಕೂಡಲೇ ನಿಲ್ಲಿಸಿ ತಲೆ ಬಿಟ್ಟುಬಿಡಿ. ಅವಸರ ಮಾಡಿದರೆ ಔಷಧಿ ಹೊಟ್ಟೆಯ ಬದಲು ಪುಪ್ಪುಸಕ್ಕೆ ಹೋಗಿ ಪ್ರಾಣಿ ಸಾಯುತ್ತದೆ.

ಗಬ್ಬದ ಪ್ರಾಣಿಯಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಕೆಲವು ಔಷಧಿಗಳು ಗಬ್ಬದ ಮೊದಲ ತಿಂಗಳುಗಳಲ್ಲಿ ಹೊಟ್ಟೆಯೊಳಗಿನ ಮರಿಗೆ ಕೇಡು ಮಾಡುತ್ತವೆ. ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಹಾಲು ಬಳಸಬಾರದು ಎಂಬುದನ್ನೂ ಕೇಳಿ, ಹಾಗೆಯೇ ನಡೆಯಿರಿ. ಹಿಂದೆ ಮೈಲುತುತ್ತದ ನೀರನ್ನು ಕುಡಿಸುವ ರೂಢಿಯಿತ್ತು. ತಾಮ್ರ ಸ್ವಲ್ಪ ಹೆಚ್ಚಾದರೂ ಕುರಿಗೆ ವಿಷ. ಅದನ್ನು ಈಗ ಮಾಡಬಾರದು.

ಕರುಗಳ ವಿಷಯದಲ್ಲಿ ಬೇರೆ ಎಚ್ಚರ ಬೇಕು. ಒಂದು ಜಾತಿಯ ದೊಡ್ಡ ದುಂಡು ಹುಳು ತಾಯಿಯ ಹಾಲಿನ ಮೂಲಕವೇ ಕರುವಿನ ಕರುಳನ್ನು ಸೇರುತ್ತದೆ. ಎಮ್ಮೆ ಕರುಗಳಿಗೆ ಇದು ಹೆಚ್ಚು. ಬೇಲಿಯೊಳಗೆ ಕಟ್ಟಿದ ಕರುವಿಗೆ ಹುಳು ಎಲ್ಲಿಂದ ಬರಬೇಕು ಎಂದು ಸುಮ್ಮನಿರಬೇಡಿ. ಹುಟ್ಟಿದ 10-15 ದಿನಕ್ಕೇ ಮೊದಲ ಔಷಧಿ ಕೊಡಿಸಿ, ಮುಂದಿನದನ್ನು ವೈದ್ಯರ ಸಲಹೆಯಂತೆ ಮುಂದುವರಿಸಿ.

ಎಲ್ಲಕ್ಕೂ, ಯಾವಾಗಲೂ ಕುಡಿಸಬೇಡಿ

ಹೆಚ್ಚು ಸಲ ಕುಡಿಸಿದಷ್ಟೂ ಒಳ್ಳೆಯದೆಂದು ಹಲವರು ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. 1961ರಲ್ಲಿ ಥಯಾಬೆಂಡಜೋಲ್ ಎಂಬ ಜಂತುನಾಶಕ ಮಾರುಕಟ್ಟೆಗೆ ಬಂದಾಗ ಹುಳುಗಳ ಕಾಟ ತೀರಿತೆಂದು ಜನ ಸಂತೋಷಪಟ್ಟರು. 1964ರ ವೇಳೆಗೇ ಅದಕ್ಕೆ ಬಗ್ಗದ ಹುಳುಗಳು ಕುರಿಗಳಲ್ಲಿ ಕಂಡುಬಂದವು. ಆಮೇಲೆ ಬಂದ ಔಷಧಿಗಳ ಗತಿಯೂ ಹಲವು ದೇಶಗಳಲ್ಲಿ ಹಾಗೆಯೇ ಆಯಿತು. ನಮ್ಮ ದೇಶದ ಕುರಿಗಳಲ್ಲೂ ಇಂಥ ಹುಳುಗಳು ಕಂಡಿವೆ.

ಕಾರಣ ಸರಳವಾಗಿದೆ. ಇಡೀ ಮಂದೆಗೆ ಮತ್ತೆ ಮತ್ತೆ ಔಷಧಿ ಕುಡಿಸಿದರೆ, ಔಷಧಿಗೆ ಸಾಯದ ಹುಳುಗಳು ಮಾತ್ರ ಉಳಿದು ನೆಲವನ್ನೆಲ್ಲ ಅವುಗಳ ಸಂತಾನವೇ ತುಂಬುತ್ತದೆ. ಗಟ್ಟಿಮುಟ್ಟಾದ ಕೆಲವು ಕುರಿಗಳನ್ನು ಹಾಗೆಯೇ ಬಿಟ್ಟರೆ, ಅವುಗಳಲ್ಲಿರುವ ಮೆತ್ತನೆಯ ಹುಳುಗಳ ಸಂತಾನವೂ ನೆಲದಲ್ಲಿ ಬೆರೆಯುತ್ತದೆ, ಔಷಧಿಯ ಶಕ್ತಿ ಹೆಚ್ಚು ಕಾಲ ಉಳಿಯುತ್ತದೆ.

ಯಾವ ಕುರಿಗೆ ಬೇಕು ಎಂಬುದನ್ನು ಕಣ್ಣಿನ ಕೆಳರೆಪ್ಪೆ ಹೇಳುತ್ತದೆ. 1990ರ ದಶಕದಲ್ಲಿ ದಕ್ಷಿಣ ಆಫ್ರಿಕದ ಪಶುವೈದ್ಯರು ರೂಪಿಸಿದ ಕ್ರಮ ಇದು. ಬಿಸಿಲಿನ ಬೆಳಕಿನಲ್ಲಿ ಕೆಳರೆಪ್ಪೆಯನ್ನು ಮೆಲ್ಲಗೆ ಇಳಿಸಿ ಒಳಬಣ್ಣವನ್ನು ನೋಡಿ. ಚೆನ್ನಾದ ಕೆಂಪು ಇದ್ದರೆ ಔಷಧಿ ಬೇಡ. ಬಿಳಿಚಿಕೊಂಡಿದ್ದರೆ ತಡಮಾಡಬೇಡಿ. ಆ ವೈದ್ಯರು ಐದು ಬಣ್ಣಗಳ ಪಟ್ಟಿಯನ್ನೇ ಮಾಡಿದ್ದಾರೆ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಹೀಗೆ ನೋಡಬೇಕು. ಇದು ರಕ್ತ ಹೀರುವ ಜಂತುಹುಳುವಿಗೆ ಹೇಳಿದ ಪರೀಕ್ಷೆ. ಮರಿಗಳನ್ನೂ ಈಯಲಿರುವ ಕುರಿಗಳನ್ನೂ ಇನ್ನಷ್ಟು ಎಚ್ಚರದಿಂದ ನೋಡಿಕೊಳ್ಳಬೇಕು.

ಔಷಧಿ ಕುಡಿಸಿ ಎರಡು ವಾರವಾದ ಮೇಲೆ ಮತ್ತೊಮ್ಮೆ ಹಿಕ್ಕೆ ಪರೀಕ್ಷೆ ಮಾಡಿಸಿ. ಮೊಟ್ಟೆಗಳು ಇನ್ನೂ ಹಾಗೆಯೇ ಇದ್ದರೆ ಔಷಧಿ ಕೆಲಸ ಮಾಡಿಲ್ಲವೆಂದು ಅರ್ಥ. ಬೇರೆ ಗುಂಪಿನ ಔಷಧಿಯನ್ನು ವೈದ್ಯರು ಆರಿಸುತ್ತಾರೆ. ಸೀಸೆಯ ಹೆಸರು ಬೇರೆಯಾದ ಮಾತ್ರಕ್ಕೆ ಒಳಗಿನ ಔಷಧಿ ಬೇರೆಯಾಗಿರುವುದಿಲ್ಲ ಎಂಬುದನ್ನೂ ನೆನಪಿಡಿ.

ಉಣ್ಣಿಯ ಕಾಟ

ಉಣ್ಣಿಯ ಕಥೆಯೂ ಇದೇ ಬಗೆಯದು. ಕೆಲವು ಕಡೆ ಇದನ್ನು ಉಣುಗು ಎನ್ನುತ್ತಾರೆ. ದನಗಳಲ್ಲಿ ಸಾಮಾನ್ಯವಾಗಿ ಕಾಣುವ ಉಣ್ಣಿ ಮೈಮೇಲೆ ಇರುವುದು ಸುಮಾರು ಮೂರು ವಾರ. ರಕ್ತ ಕುಡಿದು ಹರಳುಬೀಜದಂತೆ ಉಬ್ಬಿದ ಹೆಣ್ಣು ಕೆಳಗೆ ಬಿದ್ದು, ನೆಲದ ಬಿರುಕು, ಹುಲ್ಲಿನ ಬುಡಗಳಲ್ಲಿ ಸೇರಿ ಎರಡು ಮೂರು ಸಾವಿರ ಮೊಟ್ಟೆ ಇಡುತ್ತದೆ. ಇನ್ನೊಂದು ಜಾತಿಯದು ಕೊಟ್ಟಿಗೆಯ ಗೋಡೆಯ ಸಂದುಗಳನ್ನೇ ಮನೆ ಮಾಡಿಕೊಳ್ಳುತ್ತದೆ. ಮೈಮೇಲಿನ ಉಣ್ಣಿಯನ್ನು ಕೊಂದು ಗೋಡೆಯ ಉಣ್ಣಿಯನ್ನು ಬಿಟ್ಟರೆ ಫಲವಿಲ್ಲ.

ಉಣ್ಣಿ ರಕ್ತ ಕುಡಿಯುವುದಲ್ಲದೆ ರೋಗವನ್ನೂ ತರುತ್ತದೆ. ಜೋರು ಜ್ವರ ಬಂದು ಮೂತ್ರ ಕೆಂಪಾಗುವುದು ಒಂದು ರೋಗ. ಜ್ವರದೊಡನೆ ಭುಜದ ಮುಂದಿನ ಗಡ್ಡೆ ಊದುವುದು ಇನ್ನೊಂದು. ಮಿಶ್ರತಳಿ ಹಸುಗಳಿಗೆ ಇವು ಪ್ರಾಣಾಂತಕ. ಈ ಚಿಹ್ನೆ ಕಂಡ ದಿನವೇ ವೈದ್ಯರನ್ನು ಕರೆಸಿ. 1962ಕ್ಕೆ ಫೋನು ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನವನ್ನು ಕೇಳಬಹುದು.

ಗೋಡೆಯ ಬಿರುಕುಗಳನ್ನು ಮಣ್ಣು ಅಥವಾ ಸಿಮೆಂಟಿನಿಂದ ಮುಚ್ಚಿ ಸುಣ್ಣ ಬಳಿಯಿರಿ. ಕೈಯಿಂದ ಕಿತ್ತ ಉಣ್ಣಿಯನ್ನು ಅಲ್ಲೇ ಬಿಸಾಡಬೇಡಿ, ಬೆರಳಲ್ಲಿ ಹಿಸುಕಲೂ ಬೇಡಿ. ಸೀಮೆಎಣ್ಣೆ ಅಥವಾ ಸೋಪಿನ ನೀರಿನಲ್ಲಿ ಹಾಕಿ. ಪಶುವೈದ್ಯರು ಹೇಳಿದ ಔಷಧಿಯನ್ನು ಚೀಟಿಯಲ್ಲಿ ಬರೆದಷ್ಟೇ ನೀರಿನಲ್ಲಿ ಬೆರೆಸಿ. ದನಕ್ಕೆ ಮೊದಲು ನೀರು ಕುಡಿಸಿ, ತಂಪು ಹೊತ್ತಿನಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಗಾಳಿ ಬರುವ ಕಡೆ ನಿಂತು ಹೊಡೆಯಿರಿ. ಕಿವಿಯ ಹಿಂದೆ, ಬಾಲದ ಬುಡ, ತೊಡೆಯ ಸಂದು, ಕೆಚ್ಚಲಿನ ಹಿಂಭಾಗಗಳನ್ನು ಬಿಡಬೇಡಿ. ಹಾಲು ಕರೆಯುವ ಮುಂಚೆ ಕೆಚ್ಚಲನ್ನು ತೊಳೆಯಿರಿ. ಹತ್ತಿಗೆ, ತರಕಾರಿಗೆ ಹೊಡೆಯುವ ವಿಷವನ್ನು ಎಂದಿಗೂ ದನದ ಮೈಗೆ ಹಾಕಬೇಡಿ. ಉಣ್ಣಿಯ ಜೊತೆಗೆ ದನವೂ ಹೋಗುತ್ತದೆ. ಒಂದು ಬೀದಿಯವರೆಲ್ಲ ಒಂದೇ ದಿನ ಮಾಡಿದರೆ ಫಲ ಹೆಚ್ಚು. ನೀವೊಬ್ಬರೇ ಮಾಡಿದರೆ ಪಕ್ಕದ ಕೊಟ್ಟಿಗೆಯ ಉಣ್ಣಿ ನಿಮ್ಮಲ್ಲಿಗೆ ಬರುತ್ತದೆ.

ಮಂದೆಯ ನಾಯಿ

ಕುರಿ ತಲೆಯನ್ನು ಒಂದು ಕಡೆಗೆ ವಾಲಿಸಿ ಒಂದೇ ದಿಕ್ಕಿಗೆ ಸುತ್ತುತ್ತಿದ್ದರೆ ಗಾಳಿ ಸೋಕಿತು ಎನ್ನುವವರಿದ್ದಾರೆ. ಅದಕ್ಕೆ ಹಲವು ಕಾರಣಗಳಿರಬಹುದು. ಒಂದು ಮುಖ್ಯ ಕಾರಣ ನಾಯಿಯ ಲಾಡಿಹುಳು. ಇಂಥ ಕುರಿ ಸತ್ತಾಗ ತಲೆಯನ್ನು ನಾಯಿಗೆ ಎಸೆಯುತ್ತೇವೆ. ಮಿದುಳಿನಲ್ಲಿರುವ ನೀರುಗುಳ್ಳೆ ನಾಯಿಯ ಕರುಳಿನಲ್ಲಿ ಲಾಡಿಹುಳುವಾಗುತ್ತದೆ. ಅದರ ಮೊಟ್ಟೆ ನಾಯಿಯ ಮಲದೊಡನೆ ಹುಲ್ಲಿಗೆ ಬಿದ್ದು, ಇನ್ನೊಂದು ಕುರಿಯ ಹೊಟ್ಟೆ ಸೇರಿ, ಅದರ ಮಿದುಳಿನಲ್ಲಿ ಮತ್ತೆ ಗುಳ್ಳೆಯಾಗುತ್ತದೆ. ಈಲಿ, ಪುಪ್ಪುಸಗಳಲ್ಲಿ ಗುಳ್ಳೆ ಮಾಡುವ ಇನ್ನೊಂದು ಲಾಡಿಹುಳು ನಾಯಿಯಿಂದ ಮನುಷ್ಯರಿಗೂ ಬರುತ್ತದೆ. ಸತ್ತ ಕುರಿಯ ತಲೆಯನ್ನೂ ಒಳಗಿನ ಅಂಗಗಳನ್ನೂ ಹಸಿಯಾಗಿ ನಾಯಿಗೆ ಹಾಕದೆ ಆಳವಾಗಿ ಹೂಳಿ. ಮಂದೆಯ ನಾಯಿಗೂ ಲಾಡಿಹುಳುವಿನ ಔಷಧಿ ಕೊಡಿಸಿ. ನಾಯಿಯನ್ನು ಮುಟ್ಟಿದ ಮಕ್ಕಳು ಊಟಕ್ಕೆ ಮುಂಚೆ ಕೈ ತೊಳೆಯಲಿ.

ಈಗಲೇ ಮಾಡಬೇಕಾದದ್ದು

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೇನು ಫಲ? ಗದ್ದ ಊದಿದ ಮೇಲೆ ಓಡಾಡುವ ಬದಲು ಮುಂಗಾರಿಗೆ ಮುಂಚೆಯೇ ಹಿಕ್ಕೆ ಪರೀಕ್ಷೆ ಮಾಡಿಸಿ, ರೊಪ್ಪ ಒಣಗಿಸಿ, ತಿಪ್ಪೆಗುಂಡಿ ತೋಡಿಡಿ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ರೆಪ್ಪೆ ನೋಡಿ. ಮಳೆ ಮುಗಿದ ಮೇಲೆ, ಕೆರೆ ಅಂಗಳದಲ್ಲಿ ಮೇಯ್ದ ದನಗಳಿಗೆ ಚಪ್ಪಟೆ ಹುಳುವಿನ ಪರೀಕ್ಷೆ ಮಾಡಿಸಿ.

ನನ್ನನ್ನು ಪ್ರಶ್ನಿಸಿದ ಆ ಹಿರಿಯರು ಈಗ ರೊಪ್ಪದ ಬಾಗಿಲಿನ ಕಂಬಕ್ಕೆ ಒಂದು ತಕ್ಕಡಿ ಕಟ್ಟಿದ್ದಾರೆ. ಬಿಸಿಲು ಏರುವ ತನಕ ಕುರಿಗಳಿಗೆ ರೊಪ್ಪದಲ್ಲೇ ಒಣಮೇವು ಹಾಕುತ್ತಾರೆ. ಕಳೆದ ಮಳೆಗಾಲದಲ್ಲಿ 40 ಕುರಿಗಳಲ್ಲಿ 11ಕ್ಕೆ ಮಾತ್ರ ಔಷಧಿ ಬೇಕಾಯಿತು. ಒಂದು ಮರಿ ಸತ್ತಿತು. ಅದನ್ನೂ ಉಳಿಸಬಹುದಿತ್ತು, ಎರಡು ದಿನ ತಡವಾಯಿತು ಎಂದು ಅವರೇ ಹೇಳಿದರು. ಮೊನ್ನೆ ಸಿಕ್ಕಾಗ, “ಔಷಧಿ ಸುಳ್ಳಲ್ಲಪ್ಪಾ, ಅದು ಅರ್ಧ ನಿಜ. ಇನ್ನರ್ಧ ನಾವು ಮಾಡ್ಬೇಕು” ಎಂದರು. ನಾನು ಇಷ್ಟುದ್ದ ಬರೆದದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದರು.

ನಿಮ್ಮ ಊರಿಗೆ ನಾನು ಬಂದ ದಿನ ಟೇಪು, ತಕ್ಕಡಿ ಎರಡೂ ನನ್ನ ಚೀಲದಲ್ಲಿರುತ್ತವೆ. ಕರೆಯಿರಿ, ನಿಮ್ಮ ರೊಪ್ಪಕ್ಕೇ ಬಂದು ಒಟ್ಟಿಗೆ ತೂಗೋಣ.

— ನಿಮ್ಮ ಗ್ರಾಮ ಕಾರ್ಯಕರ್ತ